ದೊಡ್ಡ ನೀಲಿಯನ್ನು ನೋಡಲು ಸಾಮರ್‌ಸೆಟ್‌ಗೆ

ದೊಡ್ಡ ನೀಲಿ (ಲಾರ್ಜ್ ಬ್ಲೂ) ಎಂಬ ಚಿಟ್ಟೆಯನ್ನು ಹುಡುಕಿಕೊಂಡು ಇಂಗ್ಲೆಂಡಿನ ಸಾಮರ್‌ಸೆಟ್ ಕೌಂಟಿಗೆ ಹೊರಟೆ. ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಕಾಸಲ್ ಕ್ಯಾರಿಗೆ ರೈಲು, ಅಲ್ಲಿಂದ ಸ್ಟ್ರೀಟ್ ಎಂಬ ಊರಿಗೆ ಟ್ಯಾಕ್ಸಿ. ಕ್ಲಾರ್ಕ್ಸ್ ಶೂಗಳ ತವರು ಇದು. ಊರು ದಾಟಿ ದಕ್ಷಿಣಕ್ಕೆ ಹೋದರೆ ಪೋಲ್ಡನ್ ಗುಡ್ಡಸಾಲಿನ ಅಂಚಿನಲ್ಲಿ ನಿಸರ್ಗ, ಪರಂಪರೆಯ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ನೋಡಿಕೊಳ್ಳುವ ಕೊಲಾರ್ಡ್ ಹಿಲ್ ಇದೆ. ಪಕ್ಕದ ದಿಬ್ಬದ ಮೇಲೆ ಅಡ್ಮಿರಲ್ ಹುಡ್ ಸ್ಮಾರಕದ ಎತ್ತರದ ಕಂಬ, ಕೆಳಗೆ ಬೇಲಿಸಾಲುಗಳ ಹಸಿರು ಬಯಲು.

ಜೂನ್ ಕೊನೆಯಾದರೂ ಬೆಳಿಗ್ಗೆ ಮೋಡ. ಬಿಸಿಲಿಲ್ಲದೆ ಚಿಟ್ಟೆ ಏಳುವುದಿಲ್ಲ. ಕಪ್ಪು ಬಿಳುಪಿನ ಮಾರ್ಬಲ್ಡ್ ವೈಟ್ ಚಿಟ್ಟೆಗಳು ರೆಕ್ಕೆ ಮಡಚಿ ಹುಲ್ಲಿನ ತೆನೆಗೆ ಅಂಟಿಕೊಂಡಿದ್ದವು. ಹನ್ನೊಂದರ ಹೊತ್ತಿಗೆ ಮೋಡ ಸರಿಯಿತು, ಇಳಿಜಾರಿನಲ್ಲಿ ಒಂದು ನೀಲಿ ಕಿಡಿ ಹಾರಿತು. ಮುಂದಿನ ರೆಕ್ಕೆಯ ಮೇಲೆ ಕಪ್ಪು ಚುಕ್ಕೆಗಳು: ಅನುಮಾನವೇ ಇಲ್ಲ, ದೊಡ್ಡ ನೀಲಿಯೇ! ಹೆಣ್ಣು. ನೆಲಕ್ಕೆ ಹರಡಿದ, ಸುವಾಸನೆಯ ಥೈಮ್ ಎಂಬ ಪುಟ್ಟ ಗಿಡದ ಮೇಲೆ ಕೂತು, ಹೊಟ್ಟೆಯ ತುದಿಯನ್ನು ಬಾಗಿಸಿ ಮೊಗ್ಗಿನೊಳಗೆ ಮೊಟ್ಟೆಯಿಟ್ಟಿತು. ನಾನು ಉಸಿರು ಬಿಗಿಹಿಡಿದು ನೋಡಿದೆ.

ಇದರ ಬದುಕು ವಿಚಿತ್ರ. ಮರಿಹುಳು ಕೆಲವು ವಾರ ಥೈಮ್ ಹೂ ತಿಂದು ನೆಲಕ್ಕೆ ಬೀಳುತ್ತದೆ. ಅದರ ವಾಸನೆಗೆ ಮೋಸಹೋದ ಕೆಂಪಿರುವೆ, ತನ್ನದೇ ಮರಿಯೆಂದು ಅದನ್ನು ಗೂಡಿಗೆ ಹೊತ್ತೊಯ್ಯುತ್ತದೆ. ಕಾಗೆಯ ಗೂಡಿನಲ್ಲಿ ಕೋಗಿಲೆ ಮರಿ ಬೆಳೆದಂತೆ ಅದು ಅಲ್ಲಿ ಸುಮಾರು ಹತ್ತು ತಿಂಗಳು ಇರುವೆಯ ಮರಿಗಳನ್ನೇ ತಿಂದು ಬೆಳೆಯುತ್ತದೆ. ಅದೂ ಯಾವ ಇರುವೆಯಾದರೂ ಸಾಲದು, ಮಿರ್ಮಿಕಾ ಸಬುಲೇಟಿ ಎಂಬ ಜಾತಿಯೇ ಬೇಕು.

1979ರಲ್ಲಿ ಈ ಚಿಟ್ಟೆ ಬ್ರಿಟನ್ನಿನಿಂದ ಅಳಿದೇಹೋಯಿತು. ಚಿಟ್ಟೆ ಸಂಗ್ರಹಕಾರರು ಹಿಡಿದೊಯ್ಯುತ್ತಾರೆಂದು ಹಿಂದೆ ಅದರ ನೆಲೆಗೆ ಬೇಲಿ ಹಾಕಿದ್ದರು. ಬೇಲಿ ದನಕುರಿಗಳನ್ನೂ ಹೊರಗಿಟ್ಟಿತು. 1950ರ ದಶಕದಲ್ಲಿ ಮಿಕ್ಸೊಮಟೋಸಿಸ್ ರೋಗಕ್ಕೆ ಮೊಲಗಳು ಸತ್ತವು. ಮೇಯುವವರಿಲ್ಲದೆ ಹುಲ್ಲು ಬೆಳೆದು, ನೆರಳಿಗೆ ನೆಲ ತಂಪಾಗಿ, ಬಿಸಿ ಬೇಡುವ ಆ ಇರುವೆ ಮರೆಯಾಯಿತು, ಅದರ ಹಿಂದೆಯೇ ಚಿಟ್ಟೆ. ಇದನ್ನು ಬಿಡಿಸಿ ಹೇಳಿದವರು ಚಿಟ್ಟೆ ವಿಜ್ಞಾನಿ ಜೆರೆಮಿ ಥಾಮಸ್. ಆದರೆ ಅಷ್ಟರಲ್ಲಿ ಕಾಲ ಮೀರಿತ್ತು. ಆಮೇಲೆ 1980ರ ದಶಕದಲ್ಲಿ ಸ್ವೀಡನ್ನಿನಿಂದ ತಂದು ಮತ್ತೆ ನೆಲೆಗೊಳಿಸಿದರು. ಕೊಲಾರ್ಡ್ ಹಿಲ್‌ಗೆ ಅದು ಬಂದದ್ದು 2000ದಲ್ಲಿ. ಈಗಿಲ್ಲಿ ಹುಲ್ಲು ಗಿಡ್ಡವಾಗಿರುವಂತೆ ಲೆಕ್ಕವಿಟ್ಟು ಮೇಯಿಸುತ್ತಾರೆ.

ನಮ್ಮ ಗೋಮಾಳಗಳನ್ನು ಪಾಳುಭೂಮಿ ಎಂದು ಬಗೆದು ನೀಲಗಿರಿ ನೆಟ್ಟದ್ದು ನೆನಪಾಗಿ ಸಂಕಟವಾಯಿತು. ಅಲ್ಲಿ ಯಾವ ಇರುವೆ, ಯಾವ ಚಿಟ್ಟೆ ಇತ್ತೋ ಯಾರು ನೋಡಿದರು?

ಹೋಗುವುದಾದರೆ ಜೂನ್ ಮಧ್ಯದಿಂದ ಜುಲೈ ಮೊದಲ ವಾರದೊಳಗೆ, ಬಿಸಿಲಿನ ದಿನ ಹೋಗಿ. ಇಳಿಜಾರು ಕಡಿದಾಗಿದೆ, ಒಳ್ಳೆಯ ಬೂಟು ಬೇಕು. ಕಾಲುದಾರಿ ಬಿಟ್ಟು ಹುಲ್ಲಿಗೆ ಇಳಿಯಬೇಡಿ. ಥೈಮ್ ಮೊಗ್ಗುಗಳಲ್ಲಿ ಬರುವ ವರ್ಷದ ಚಿಟ್ಟೆಗಳ ಮೊಟ್ಟೆಯಿರುತ್ತದೆ.