ಬೆಳಗ್ಗೆ ಏಳದ ಮೈಕ್ರೋವೇವ್

ನಮ್ಮ ಮನೆಯ ಮೈಕ್ರೋವೇವ್‌ಗೆ 11 ವರ್ಷ. ಅಮ್ಮ ಅದರಲ್ಲಿ ಮಾಡುವುದು ಮೂರೇ ಕೆಲಸ. ಬೆಳಗ್ಗೆ ಹಾಲು, ಮಧ್ಯಾಹ್ನ ಹಪ್ಪಳ, ರಾತ್ರಿ ಉಳಿದ ಸಾರು. ಗ್ರಿಲ್ಲು, ಕನ್ವೆಕ್ಷನ್ನು ಅಂತ ಬರೆದಿರುವ ಗುಂಡಿಗಳು ಅಂಗಡಿಯಿಂದ ಬಂದ ದಿನದ ಹಾಗೇ ಇವೆ. ಸ್ಟಾರ್ಟ್ ಗುಂಡಿಯ ಮೇಲಿನ ಅಕ್ಷರ ಮಾತ್ರ ಪೂರ್ತಿ ಸವೆದುಹೋಗಿದೆ.

ಡಿಸೆಂಬರ್‌ನಲ್ಲಿ ಒಂದು ದಿನ ಬೆಳಗ್ಗೆ ಅಮ್ಮ ಅಡುಗೆಮನೆಯಿಂದ ಕೂಗಿದಳು. "ಲೋ, ಇದ್ಯಾಕೋ ಏಳ್ತಾನೇ ಇಲ್ಲ ಕಣೋ."

ಎದ್ದು ಹೋಗಿ ನೋಡಿದೆ. ಡಿಸ್‌ಪ್ಲೇಯಲ್ಲಿ ಗಡಿಯಾರ ಸರಿಯಾಗೇ ನಡೆಯುತ್ತಿತ್ತು, 6:34. ಒಂದು ನಿಮಿಷಕ್ಕೆ ಇಟ್ಟು ಸ್ಟಾರ್ಟ್ ಒತ್ತಿದೆ. ಒಳಗೆ 'ಟಕ್' ಅಂತು. ಲೈಟು ಒಮ್ಮೆ ಮಿಣಕ್ ಅಂತು. ಅಷ್ಟರಲ್ಲಿ ಡಿಸ್‌ಪ್ಲೇ ಪೂರ್ತಿ ಆರಿ, 'ಬೀಪ್' ಅಂದು, ಗಡಿಯಾರ ಇದ್ದ ಕಡೆ ಬರೀ ಸೊನ್ನೆ ಬಂತು. ಕರೆಂಟು ಹೋಗಿ ಬಂದರೆ ಹೇಗೋ ಹಾಗೆ. ಮತ್ತೆ ಒತ್ತಿದೆ. ಟಕ್, ಬೀಪ್, ಸೊನ್ನೆ.

"ಮಧ್ಯಾಹ್ನಕ್ಕೆ ಸರಿಹೋಗುತ್ತೆ ಬಿಡು," ಅಂದಳು ಅಮ್ಮ. "ನಾಲ್ಕು ದಿನದಿಂದ ಹಿಂಗೇ. ಬೆಳಗ್ಗೆ ಚಳಿಗೆ ಅದಕ್ಕೂ ಏಳಕ್ಕಾಗಲ್ಲ, ನಿನ್ನ ಥರ."

ನಕ್ಕು ಸುಮ್ಮನಾದೆ. ಆ ಮಾತನ್ನು ಅವತ್ತೇ ಸರಿಯಾಗಿ ಕೇಳಿಸಿಕೊಂಡಿದ್ದರೆ ನನ್ನ ಒಂದು ಭಾನುವಾರ ಉಳಿಯುತ್ತಿತ್ತು.

ವಾರ ಕಳೆಯುವಷ್ಟರಲ್ಲಿ ಮಧ್ಯಾಹ್ನವೂ ಏಳದ ಹಾಗಾಯಿತು. ರಿಪೇರಿಯ ಹುಡುಗ ಬಂದ. ಹೆಲ್ಮೆಟ್ ತೆಗೆದು ಬಾಗಿಲ ಹತ್ತಿರ ಇಟ್ಟ. ಎರಡು ಸಲ ಸ್ಟಾರ್ಟ್ ಒತ್ತಿ ನೋಡಿದ. ಸ್ಕ್ರೂಡ್ರೈವರ್ ಬ್ಯಾಗಿನಿಂದ ಹೊರಗೇ ಬರಲಿಲ್ಲ.

"ಬೋರ್ಡ್ ಹೋಗಿದೆ ಸಾರ್. 5,400 ಆಗುತ್ತೆ. ಹಳೇ ಮಾಡೆಲ್ಲು, ಸಿಕ್ಕಿದ್ರೆ ನಿಮ್ಮ ಪುಣ್ಯ. ಎಕ್ಸ್‌ಚೇಂಜಿಗೆ ಹಾಕಿ ಹೊಸದು ತಗೊಂಡ್ಬಿಡಿ."

ಬಂದು ಹೋಗಿದ್ದಕ್ಕೆ 400 ರೂಪಾಯಿ. ಅವನ ಮೇಲೆ ನನಗೇನೂ ಸಿಟ್ಟಿಲ್ಲ. ಕೆಟ್ಟರೆ ಪೂರ್ತಿ ಬೋರ್ಡ್ ಬದಲಿಸು ಅಂತಷ್ಟೇ ಅವನಿಗೆ ಹೇಳಿಕೊಟ್ಟಿರುತ್ತಾರೆ. ಬಿಡಿ ಭಾಗ ಹುಡುಕುತ್ತಾ ಕೂರಲು ಅವನಿಗೆ ಟೈಮಾದರೂ ಎಲ್ಲಿದೆ? ಆದರೆ 'ಬೋರ್ಡ್ ಹೋಗಿದೆ' ಅನ್ನುವ ಮಾತು ನನಗೆ ಹಿಡಿಸಲಿಲ್ಲ. ಒಂದು ಮನೆಯ ನಲ್ಲಿ ಸೋರಿದರೆ ಊರೇ ಹಾಳಾಗಿದೆ ಅಂದ ಹಾಗೆ. ಬೋರ್ಡ್ ಅಂದರೆ ಒಳಗಿನ ಸರ್ಕ್ಯೂಟ್ ಹಲಗೆ, ಅದರ ಮೇಲೆ ಎಷ್ಟೊಂದು ಚಿಲ್ಲರೆ ಭಾಗಗಳಿರುತ್ತವೆ. ಎಲ್ಲವೂ ಸೇರಿ ಒಟ್ಟಿಗೆ ಸಾಯುತ್ತವಾ?

ನಾನು 25 ವರ್ಷದ ಹಿಂದೆ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವನು. ಈಗಿನ ಕೆಲಸ ಜಿಎಸ್‌ಟಿ ಲೆಕ್ಕ. ಸೋಲ್ಡರಿಂಗ್ ಐರನ್ ಅಟ್ಟದ ಮೇಲೆ, ಗೌರಿ ಹಬ್ಬದ ಬಾಗಿನದ ಮೊರಗಳ ಹಿಂದೆ ಸಿಕ್ಕಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಮನೆಯ ಸಾಮಾನುಗಳಲ್ಲಿ ನಾನು ನಿಜವಾಗಿ ಹೆದರುವುದು ಮೈಕ್ರೋವೇವ್‌ಗೆ ಮಾತ್ರ. ಅದರೊಳಗಿನ ದೊಡ್ಡ ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು ಸುಮಾರು 2,000ಕ್ಕೆ ಏರಿಸುತ್ತದೆ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡು, ಕರೆಂಟು ತುಂಬಿಟ್ಟುಕೊಳ್ಳುವ ಒಂದು ದಪ್ಪ ಕೆಪಾಸಿಟರ್ ಸೇರಿ ಅದನ್ನು ಹೆಚ್ಚುಕಮ್ಮಿ 4,000ದವರೆಗೂ ಒಯ್ದು, ಬಿಸಿ ಮಾಡುವ ಅಲೆಗಳನ್ನು ಹುಟ್ಟಿಸುವ ಮ್ಯಾಗ್ನೆಟ್ರಾನ್‌ಗೆ ಕೊಡುತ್ತವೆ. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರ್ ಕರೆಂಟನ್ನು ಹಿಡಿದಿಟ್ಟುಕೊಂಡಿರಬಹುದು. ಮುಟ್ಟಿದರೆ ಕಥೆ ಮುಗಿಯಿತು. ಅದು ತಾನಾಗಿ ಖಾಲಿಯಾಗಲಿ ಅಂತ ಒಳಗೇ ಒಂದು ರೆಸಿಸ್ಟರ್ ಇರುತ್ತದೆ. ಅದೂ ಕೆಟ್ಟಿದ್ದರೆ? ಅದಕ್ಕೇ ಪ್ಲಗ್ ಕಿತ್ತು ಒಂದು ರಾತ್ರಿ ಬಿಟ್ಟೆ. ಕವರ್ ಬಿಚ್ಚಿದ ಮೇಲೂ ಆ ಕೆಪಾಸಿಟರನ್ನು ಖಾಲಿ ಮಾಡಿ, ಮೀಟರಿನಲ್ಲಿ ನೋಡಿಯೇ ಮುಂದಕ್ಕೆ ಹೋದೆ. "ಒಂದು ಕೈ ಜೇಬಲ್ಲಿರಲಿ" ಅಂತ ನಮ್ಮ ಲ್ಯಾಬಿನ ಮೇಷ್ಟ್ರು ಹೇಳುತ್ತಿದ್ದರು, ಎರಡು ಕೈಯ ನಡುವೆ ಎದೆ ಇರುತ್ತದೆ ಅಂತ. ಪೈಜಾಮಕ್ಕೆ ಜೇಬಿರಲಿಲ್ಲ, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಈ ಕೆಲಸದ ಅಭ್ಯಾಸ ಇಲ್ಲದವರು ದಯವಿಟ್ಟು ಆ ಕವರ್ ಬಿಚ್ಚಬೇಡಿ.

ಬೋರ್ಡ್ ಇರುವುದು ಗುಂಡಿಗಳ ಹಿಂದೆ. ಯಾವ ವಯರು ಎಲ್ಲಿಗೆ ಅಂತ ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದು, ಬೋರ್ಡನ್ನು ಮಾತ್ರ ಬಿಚ್ಚಿ ಊಟದ ಮೇಜಿಗೆ ತಂದೆ. ಎಣ್ಣೆ ಜಿಡ್ಡಿಗೆ ಅಂಟಿದ ದೂಳು. ಒಂದು ಮೂಲೆಯಲ್ಲಿ ಜಿರಳೆ ಮೊಟ್ಟೆಯ ಸಿಪ್ಪೆ. ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜಿದೆ. ಸುಟ್ಟ ಕಲೆ ಇಲ್ಲ, ಊದಿಕೊಂಡ ಭಾಗ ಇಲ್ಲ. ಎಲ್ಲ ಲಕ್ಷಣವಾಗಿತ್ತು.

ನಾನು ತಪ್ಪು ಮಾಡಿದ್ದು ಇಲ್ಲೇ. ಕಣ್ಣಿಗೆ ಏನೂ ಸಿಗದಿದ್ದಾಗ ಕಿವಿಯನ್ನು ನಂಬಿದೆ. 'ಟಕ್' ಅನ್ನುವುದು ರಿಲೇ. ಸ್ಟಾರ್ಟ್ ಒತ್ತಿದಾಗ ದೊಡ್ಡ ಕರೆಂಟನ್ನು ಒಳಗೆ ಬಿಡುವ ಸ್ವಿಚ್ಚು ಅದು. ಟಕ್ ಅಂದ ಕೂಡಲೇ ತಾನೇ ಎಲ್ಲ ಆರುವುದು? ಹಾಗಾದರೆ ಅದರೊಳಗಿನ ತಂತಿ ಸುರುಳಿ, ಅಂದರೆ ಕಾಯಿಲ್, ಒಳಗೊಳಗೇ ಶಾರ್ಟ್ ಆಗಿ ಕರೆಂಟು ನುಂಗುತ್ತಿದೆ. ತೀರ್ಪು ಕೊಟ್ಟಾಯಿತು. ಬೋರ್ಡಿಗೆ ಕರೆಂಟು ಒದಗಿಸುವ ಪವರ್ ಸಪ್ಲೈ ಕಡೆ ತಿರುಗಿಯೂ ನೋಡಲಿಲ್ಲ. ಗಡಿಯಾರ ಒಂದು ನಿಮಿಷವೂ ತಪ್ಪದೆ ನಡೆಯುತ್ತಿತ್ತಲ್ಲ, ಸಪ್ಲೈ ಕೆಟ್ಟಿದ್ದರೆ ಅದು ನಡೆಯುತ್ತಿತ್ತಾ?

ನಡೆಯುತ್ತದೆ. ಇಂಥ ಎಷ್ಟೋ ಬೋರ್ಡುಗಳ ಗಡಿಯಾರ ಮನೆಗೆ ಬರುವ ಕರೆಂಟಿನ ಏರಿಳಿತವನ್ನೇ ಎಣಿಸಿ ನಡೆಯುತ್ತದೆ. 50 ಎಣಿಸಿದರೆ ಒಂದು ಸೆಕೆಂಡು. 2018ರಲ್ಲಿ ಸರ್ಬಿಯಾ ಮತ್ತು ಕೊಸೊವೊ ನಡುವಿನ ವಿದ್ಯುತ್ ಜಗಳದಿಂದ ಯುರೋಪಿನ ಗ್ರಿಡ್ಡಿನ ತಾಳ ಕೂದಲೆಳೆಯಷ್ಟು ನಿಧಾನವಾಗಿತ್ತು. ಜನವರಿಯಿಂದ ಮಾರ್ಚ್ ಹೊತ್ತಿಗೆ ಅಲ್ಲಿನ ಓವನ್ ಗಡಿಯಾರಗಳು ಸುಮಾರು ಆರು ನಿಮಿಷ ಹಿಂದೆ ಬಿದ್ದಿದ್ದವು. ಅಂದರೆ ಗಡಿಯಾರ ಸರಿಯಿದೆ ಅಂದರೆ ಗ್ರಿಡ್ಡಿನ ತಾಳ ಸರಿಯಿದೆ ಅಂತ ಅರ್ಥ. ನನ್ನ ಬೋರ್ಡಿನ ಆರೋಗ್ಯಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಇದನ್ನು ಓದಿ ಗೊತ್ತಿದ್ದೂ ಅವತ್ತು ನೆನಪಾಗಲಿಲ್ಲ.

ಭಾನುವಾರ ಪೂರ್ತಿ ಆ ರಿಲೇ ಜೊತೆ ಹೋಯಿತು. ಅದರ ಕಾಲುಗಳು ದಪ್ಪ, ಲೆಡ್ಡು ಕರಗುವುದೇ ಇಲ್ಲ. ಹತ್ತಿರದ ಟಿವಿ ರಿಪೇರಿ ಅಂಗಡಿಯಲ್ಲಿ ಅಂಥದ್ದೇ ಒಂದು 12 ವೋಲ್ಟಿನ ರಿಲೇ ತಂದು ಹಾಕಿದೆ. ಟಕ್, ಬೀಪ್, ಸೊನ್ನೆ. ಆಮೇಲೆ ಹಳೆಯದರ ಕಾಯಿಲ್ ಅಳೆದು ನೋಡಿದರೆ 402 ಓಮ್. ಇಂಥ ರಿಲೇಗೆ ಇರಬೇಕಾದದ್ದೇ ಸುಮಾರು 400. ಪಾಪ, ನೆಟ್ಟಗಿತ್ತು. ಸದ್ದು ಮಾಡಿತು ಅಂತ ಏಟು ತಿಂದಿತ್ತು. ಅಳೆಯುವುದಕ್ಕೆ ಒಂದು ನಿಮಿಷ ಸಾಕಿತ್ತು, ನಾನು ಕಿತ್ತ ಮೇಲೆ ಅಳೆದೆ.

ಮಾರನೇ ದಿನ ಬೆಳಗ್ಗೆ ಅಮ್ಮ ಗ್ಯಾಸಿನ ಮೇಲೆ ಹಾಲು ಇಟ್ಟುಕೊಂಡು ನಿಂತಿದ್ದಳು. ಮೇಜಿನ ಮೇಲೆ ಬಿಚ್ಚಿಟ್ಟ ಬೋರ್ಡನ್ನು ನೋಡಿ, "ಇದನ್ನ ಬಿಸಿಲಲ್ಲಾದ್ರೂ ಇಡಬಾರದೇನೋ" ಅಂದಳು.

ಆಗ ತಲೆಗೆ ಹೊಳೆಯಿತು. ಬೆಳಗ್ಗೆ ಏಳಲ್ಲ, ಮಧ್ಯಾಹ್ನ ಏಳುತ್ತೆ. ಚಳಿ. ಚಳಿಗೆ ಯಾವುದು ಮುದುಡಿಕೊಳ್ಳುತ್ತದೆ? ಒಳಗೆ ದ್ರವ ಇರುವಂಥದ್ದು. ಬೋರ್ಡಿನ ಮೇಲೆ ದ್ರವ ಇರುವುದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಳಗೆ ಮಾತ್ರ.

ಹೆಂಡತಿಯ ಹೇರ್ ಡ್ರೈಯರ್ ತಂದೆ. ಬೋರ್ಡಿಗೆ ಎರಡು ನಿಮಿಷ ಬಿಸಿ ಗಾಳಿ ಬಿಟ್ಟೆ. ದಾರಿಯಲ್ಲಿ 60 ವಾಟಿನ ಬಲ್ಬು ಇರುವ ಸೀರೀಸ್ ಬೋರ್ಡ್ ಮೂಲಕ ಕರೆಂಟು ಕೊಟ್ಟೆ. ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಉರಿಯುತ್ತದೆ, ಮನೆಯ ಫ್ಯೂಸು ಹಾರುವುದಿಲ್ಲ. ಬಾಗಿಲು ಮುಚ್ಚಿದೆ ಅಂತ ಬೋರ್ಡನ್ನು ನಂಬಿಸುವುದಕ್ಕೆ ಬಾಗಿಲ ಸ್ವಿಚ್ಚಿನ ಎರಡು ಪಿನ್ನಿಗೆ ಮೊದಲೇ ಒಂದು ತುಂಡು ವಯರು ಸಿಕ್ಕಿಸಿದ್ದೆ. ಸ್ಟಾರ್ಟ್ ಒತ್ತಿದೆ. ಟಕ್. 0:59. 0:58. 0:57.

ಪ್ಲಗ್ ಕಿತ್ತು, ಬೋರ್ಡ್ ಪೂರ್ತಿ ತಣ್ಣಗಾಗುವವರೆಗೆ ಬಿಟ್ಟು ಮತ್ತೆ ಒತ್ತಿದೆ. ಟಕ್, ಬೀಪ್, ಸೊನ್ನೆ. ಇಷ್ಟು ಖುಷಿಯಿಂದ ಆ ಸೊನ್ನೆಯನ್ನು ನಾನು ಯಾವತ್ತೂ ನೋಡಿರಲಿಲ್ಲ.

ಈ ಸಲ ಮೀಟರ್ ಹಿಡಿದೇ ಕೂತೆ. ಸುಮ್ಮನಿದ್ದಾಗ ರಿಲೇಗೆ ಹೋಗುವ ಸಪ್ಲೈ 13.6 ವೋಲ್ಟ್. ಸ್ಟಾರ್ಟ್ ಒತ್ತಿದ ಕೂಡಲೇ 8ರ ಆಸುಪಾಸಿಗೆ ಕುಸಿಯುತ್ತಿತ್ತು. ಮೀಟರ್ ತೋರಿಸುವುದು ಸರಾಸರಿ. ನಡುನಡುವೆ ಅದಕ್ಕಿಂತ ತುಂಬ ಕೆಳಗೆ ಇಳಿದಿರುತ್ತದೆ. ಬೋರ್ಡಿನ ಮಿದುಳು ಅನ್ನಬಹುದಾದ ಚಿಪ್ಪಿಗೆ 5 ವೋಲ್ಟ್ ಕೊಡುವ ರೆಗ್ಯುಲೇಟರ್‌ಗೆ 7 ವೋಲ್ಟಾದರೂ ಬೇಕು. ಸಿಗದಿದ್ದರೆ ಚಿಪ್ಪು ತಲೆ ತಿರುಗಿ ಬೀಳುತ್ತದೆ. ಅದು ಬಿದ್ದರೆ ರಿಲೇ ಕೈಬಿಡುತ್ತದೆ, ಭಾರ ಇಳಿಯುತ್ತದೆ, ವೋಲ್ಟ್ ಮತ್ತೆ ಏರುತ್ತದೆ, ಚಿಪ್ಪು ಎದ್ದು ಬೀಪ್ ಅನ್ನುತ್ತದೆ.

ನಮ್ಮ ಕಡೆ ಸಂಪು ಇದ್ದ ಹಾಗೆ ಅಂದುಕೊಳ್ಳಿ. ಡಯೋಡುಗಳಿಂದ ಕರೆಂಟು ಒಂದೇ ಸಮನೆ ಬರುವುದಿಲ್ಲ. ಸೆಕೆಂಡಿಗೆ 100 ಸಲ ಉಕ್ಕಿ 100 ಸಲ ಬತ್ತುತ್ತದೆ. ಬೋರ್ಡಿನ ಆ ಎಲೆಕ್ಟ್ರೋಲಿಟಿಕ್, ಅಂದರೆ ಫಿಲ್ಟರ್ ಕೆಪಾಸಿಟರ್, ಉಕ್ಕಿದಾಗ ತುಂಬಿಕೊಂಡು, ಬತ್ತಿದಾಗ ಒದಗಿಸುತ್ತದೆ. ಸಂಪಿನಲ್ಲಿ ಹೂಳು ತುಂಬಿದರೂ ಕೈ ತೊಳೆಯುವಷ್ಟು ನೀರು ಸಿಗುತ್ತದೆ. ವಾಷಿಂಗ್ ಮೆಷಿನ್ ಹಾಕಿದರೆ ನಿಂತುಹೋಗುತ್ತದೆ. ಡಿಸ್‌ಪ್ಲೇಗೆ ಬೇಕಾದದ್ದು ಕೈ ತೊಳೆಯುವಷ್ಟು. ರಿಲೇಗಳದ್ದು ವಾಷಿಂಗ್ ಮೆಷಿನ್.

ಆ ಕೆಪಾಸಿಟರನ್ನು ಕಿತ್ತು ಅಳೆದೆ. ಮೈಮೇಲೆ ಬರೆದಿದ್ದು 1000 ಮೈಕ್ರೋಫ್ಯಾರಡ್ (ಎಷ್ಟು ತುಂಬಿಕೊಳ್ಳುತ್ತದೆ ಅನ್ನುವ ಅಳತೆ), 25 ವೋಲ್ಟ್, 85 ಡಿಗ್ರಿ. ಮೀಟರ್ ತೋರಿಸಿದ್ದು 87. ತಲೆ ಊದಿಲ್ಲ, ಬುಡದಲ್ಲಿ ಸೋರಿಲ್ಲ. ಸದ್ದಿಲ್ಲದೆ ಒಳಗೇ ಒಣಗಿತ್ತು.

ಅದನ್ನೂ ಬೈಯುವ ಹಾಗಿಲ್ಲ. ಇಂಥ ಮಾಮೂಲಿ ಕೆಪಾಸಿಟರ್‌ಗೆ 85 ಡಿಗ್ರಿ ಬಿಸಿಯಲ್ಲಿ ಸಾಮಾನ್ಯವಾಗಿ ಹೇಳುವ ಆಯುಸ್ಸು 2,000 ಗಂಟೆ. ಬಿಸಿ ಹತ್ತು ಡಿಗ್ರಿ ಕಮ್ಮಿಯಾದರೆ ಆಯುಸ್ಸು ಎರಡು ಪಟ್ಟು ಅನ್ನುವುದು ಇದರ ಲೆಕ್ಕ. 35 ಡಿಗ್ರಿ ಅಂತ ಹಿಡಿದರೂ 64,000 ಗಂಟೆ, ಏಳು ವರ್ಷ ಚಿಲ್ಲರೆ. ನಮ್ಮದು 11 ವರ್ಷ ಪ್ಲಗ್‌ನಲ್ಲೇ ಇತ್ತು. ದಿನಕ್ಕೆ ಹತ್ತು ನಿಮಿಷದ ಅಡುಗೆಗೆ, ಉಳಿದ ಇಪ್ಪತ್ತಮೂರು ಗಂಟೆ ಐವತ್ತು ನಿಮಿಷ ಅಮ್ಮನಿಗೆ ಟೈಮ್ ತೋರಿಸುವುದಕ್ಕೆ.

ಶನಿವಾರ ರಾಜಾಜಿನಗರದಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಎಸ್.ಪಿ. ರೋಡಿಗೆ ನಡೆದೆ. ಡಿಪ್ಲೊಮಾ ದಿನಗಳಲ್ಲಿ ಪ್ರಾಜೆಕ್ಟ್ ಸಾಮಾನಿಗೆ ಅಲೆದಿದ್ದ ಜಾಗ. ಗಲ್ಲಾದ ಹಿಂದೆ ಚಾವಣಿಯವರೆಗೂ ಪುಟ್ಟ ಪುಟ್ಟ ಡಬ್ಬಿ.

"1000, 25 ವೋಲ್ಟು, 105 ಡಿಗ್ರಿದು ಕೊಡಿ."

"ಎಷ್ಟು ಬೇಕು ಸಾರ್?"

"ಒಂದು."

ಅವರು ತಲೆ ಎತ್ತಿ ನನ್ನನ್ನು ನೋಡಿದರು. "ಒಂದಾ? ಎಂಟು ರೂಪಾಯಿಗೆ ಬಿಲ್ಲು ಹೇಗೆ ಮಾಡ್ಲಿ? ಹತ್ತು ತಗೊಳ್ಳಿ."

ಮುಜುಗರಕ್ಕೆ ಹತ್ತು ತಗೊಂಡೆ. 80 ರೂಪಾಯಿ.

ಮನೆಗೆ ಬಂದು ಹಾಕಿದೆ. ಬಿಳಿ ಪಟ್ಟಿ ಇರುವ ಕಡೆ ಮೈನಸ್. ಉಲ್ಟಾ ಹಾಕಿದರೆ ಪಟಾಕಿ, ಲ್ಯಾಬಿನಲ್ಲಿ ಒಮ್ಮೆ ನೋಡಿದ್ದೇನೆ. ಅದಕ್ಕೇ ಮೂರು ಸಲ ನೋಡಿದೆ. ಮೇಜಿನ ಮೇಲೆ ಪರೀಕ್ಷೆ ಮಾಡಿದರೆ ಸ್ಟಾರ್ಟ್ ಒತ್ತಿದಾಗಲೂ ವೋಲ್ಟ್ 12ರ ಮೇಲೇ ನಿಂತಿತು. ಬಾಗಿಲ ಪಿನ್ನಿನ ವಯರು ತೆಗೆದು, ಫೋಟೊ ನೋಡಿಕೊಂಡು ಎಲ್ಲ ಜೋಡಿಸಿದೆ. ಕವರ್ ಪೂರ್ತಿ ಹಾಕಿದ ಮೇಲೇ ಪ್ಲಗ್ ಹಾಕಿದೆ. ಒಳಗೆ ಒಂದು ಲೋಟ ನೀರು. ಖಾಲಿ ಓವನ್ ಓಡಿಸಿದರೆ ಅಲೆಗಳು ವಾಪಸ್ ಬಂದು ಮ್ಯಾಗ್ನೆಟ್ರಾನ್‌ಗೇ ಬಡಿಯುತ್ತವೆ. ಎರಡು ನಿಮಿಷಕ್ಕೆ ನೀರಿನಲ್ಲಿ ಗುಳ್ಳೆ ಎದ್ದವು.

ಉಳಿದ ಒಂಬತ್ತನ್ನು ಖಾಲಿ ಉಪ್ಪಿನಕಾಯಿ ಬಾಟಲಿಗೆ ಹಾಕಿ ಕಪಾಟಿನಲ್ಲಿಟ್ಟೆ. ಅಮ್ಮ ಬಾಟಲಿ ಎತ್ತಿ ಅಲ್ಲಾಡಿಸಿ ನೋಡಿದಳು.

"ಇದೇನಾ ಹೋಗಿದ್ದು? ಇಷ್ಟುದ್ದದ್ದು?"

"ಹೂಂ. ಚಳಿಗೆ ಕೆಲಸ ಮಾಡ್ತಿರಲಿಲ್ಲ. ನೀನು ಹೇಳಿದ್ದು ಸರಿ."

ಸೋಮವಾರ ಬೆಳಗ್ಗೆ ಮಲಗಿದ್ದಲ್ಲಿಗೇ ಬೀಪ್ ಕೇಳಿಸಿತು. ಟೈಮ್ ನೋಡಿಕೊಂಡು ಮಗ್ಗುಲಾದೆ. ಅಮ್ಮ ಬಾಗಿಲಲ್ಲಿ ಬಂದು ನಿಂತಳು, ಕೈಯಲ್ಲಿ ಬಿಸಿ ಹಾಲಿನ ಲೋಟ.

"ಅದೇನೋ ಎದ್ದೇಳ್ತು. ಇನ್ನೂ ಒಂಬತ್ತು ಉಳಿದಿದೆಯಲ್ಲ, ನೀನೂ ಒಂದು ಹಾಕಿಸ್ಕೋ."