ಬಲೂನಿಗೆ ಹಿಡಿಸದ ಕನ್ನಡ

ಭಾನುವಾರ, 16 ನವೆಂಬರ್ 2025

ಹಬ್ಬದ ಬೋನಸ್ ಬಂದ ಮೇಲೆ ಕೈ ಕಟ್ಟಿಕೊಂಡು ಕೂರೋಕೆ ಆಗಲಿಲ್ಲ. ಚರ್ಚ್ ಸ್ಟ್ರೀಟು, ಅವೆನ್ಯೂ ರಸ್ತೆ ಎರಡೂ ಸುತ್ತಿದ್ದಾಯಿತು. ಮೇಜಿನ ಮೇಲೆ ಈಗ ಐದು ಕಾಮಿಕ್ಸ್ ಇವೆ. ಹೊಸದು ಮೂರು, ಹಳೇದು ಒಂದು, ತಮಿಳಿನದು ಒಂದು. ಬಿಲ್ಲು ಎಷ್ಟಾಯಿತು ಅಂತ ಇಲ್ಲಿ ಬರೆಯುವುದಿಲ್ಲ, ಮನೆಯವರೂ ಇದನ್ನು ಓದುತ್ತಾರೆ.

ಮೊದಲು ಮುಗಿದದ್ದು ಆಸ್ಟೆರಿಕ್ಸ್, ರೋಮನ್ನರ ಕಾಲದ ತಮಾಷೆಯ ಫ್ರೆಂಚ್ ಕಾಮಿಕ್ಸ್. ಕಳೆದ ತಿಂಗಳು ಬಂದ ಹೊಸ ಆಲ್ಬಮ್ಮು, ಸರಣಿಯಲ್ಲಿ 41ನೆಯದು. ಈ ಸಲ ಪ್ರಯಾಣ ಲುಸಿಟೇನಿಯಾಕ್ಕೆ, ಅಂದರೆ ಈಗಿನ ಪೋರ್ಚುಗಲ್ ಕಡೆಗೆ. ಮೀನಿನ ಸಾಸ್ ಮಾಡುವವನೊಬ್ಬ ಸೀಸರನಿಗೆ ವಿಷ ಹಾಕಲು ನೋಡಿದ ಅಂತ ಸುಳ್ಳು ಆರೋಪ. ಅವನನ್ನು ಬಿಡಿಸಬೇಕು. ಡಿಡಿಯೆ ಕಾನ್ರಾಡ್ ಚಿತ್ರಗಳು ಚೆನ್ನಾಗಿವೆ, ಸರಣಿಯ ಮೊದಲ ಚಿತ್ರಕಾರ ಉಡೆರ್ಜೊ ಅವರೇ ಬರೆದದ್ದೇನೋ ಅನ್ನುವಷ್ಟು. ಕಥೆ ಮಾತ್ರ ಸುಮಾರು. ಅಲ್ಲಿಯ ಜನ ಸದಾ ಮುಖ ಸಪ್ಪೆ ಮಾಡಿಕೊಂಡು ಇರುತ್ತಾರೆ ಅನ್ನುವ ತಮಾಷೆಯನ್ನು ಎಳೆದೂ ಎಳೆದೂ ತೆಳ್ಳಗೆ ಮಾಡಿದ್ದಾರೆ. ಹಳೆಯ ಆಲ್ಬಮ್ಮುಗಳಲ್ಲಿ ಗಾತ್ ಜನ (ಜರ್ಮನ್ ಮೂಲದ ಹಳೇ ಬುಡಕಟ್ಟಿನವರು) ಬಾಯಿಬಿಟ್ಟರೆ ಬಲೂನಿನೊಳಗೆ, ಅಂದರೆ ಪಾತ್ರದ ಮಾತು ಬರೆಯುವ ಗುಳ್ಳೆಯೊಳಗೆ, ಹಳೇ ಜರ್ಮನ್ ಶೈಲಿಯ ದಪ್ಪ ಅಕ್ಷರ, ಈಜಿಪ್ಟಿನವನು ಮಾತಾಡಿದರೆ ಚಿತ್ರಲಿಪಿ. ಓದುವ ಮೊದಲೇ ನಗು ಬರುತ್ತಿತ್ತು. ಮೊದಲ ಕಥೆಗಾರ ಗೊಸಿನ್ನಿ ಇದ್ದ ಕಾಲದ ಆ ತುಂಟತನ ಇದರಲ್ಲಿ ಕಡಿಮೆ.

ಈ ಸಲ ಯಾಕೋ ಕಣ್ಣೆಲ್ಲ ಮಾತಿನ ಬಲೂನುಗಳ ಮೇಲೇ. ಅದಕ್ಕೆ ಕಾರಣ ಎರಡನೆಯ ಪುಸ್ತಕ.

'ಭೀಮಾಯಣ' ಬಂದದ್ದು 2011ರಲ್ಲಿ, ನವಯಾನ ಪ್ರಕಾಶನದಿಂದ. ನಾನು ಕೊಂಡದ್ದು ಇಂಗ್ಲಿಷ್ ಪ್ರತಿ. ಅಂಬೇಡ್ಕರ್ ಅವರ ಬದುಕಿನ ಕೆಲವು ಘಟನೆಗಳು. ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಬರವಣಿಗೆ, ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಚಿತ್ರ. ಇಬ್ಬರೂ ಮಧ್ಯಪ್ರದೇಶದ ಪರ್ಧಾನ್ ಗೊಂಡ ಕಲಾವಿದರು. ಪುಟ ತೆರೆದ ಕೂಡಲೇ ಗೊತ್ತಾಗುತ್ತದೆ, ಇಲ್ಲಿ ಚೌಕಗಳೇ ಇಲ್ಲ. ಪಾತ್ರಗಳನ್ನು ಡಬ್ಬಿಯೊಳಗೆ ಕೂರಿಸಲು ಆ ದಂಪತಿ ಒಪ್ಪಲಿಲ್ಲವಂತೆ. ಹಾಗಾಗಿ ಪುಟಗಳ ನಡುವೆ ಮಣ್ಣಿನ ರಂಗೋಲಿಯ ಎಳೆಗಳು ಬಳುಕಿಕೊಂಡು ಹೋಗುತ್ತವೆ. ರೈಲು ಹಾವಾಗುತ್ತದೆ. ಮಹಾಡಿನಲ್ಲಿ ಅಂಬೇಡ್ಕರ್ ಭಾಷಣ ಮಾಡುವ ಪುಟದಲ್ಲಿ ಲೌಡ್‌ಸ್ಪೀಕರ್‌ಗಳಿಂದ ನೀರು ಸುರಿಯುತ್ತದೆ. 1927ರ ಕೆರೆ ನೀರಿನ ಸತ್ಯಾಗ್ರಹ ಅದು, ನೆನಪಿರಲಿ.

ಆಮೇಲೆ ಬಲೂನುಗಳು. ಮೃದುವಾಗಿ ಮಾತಾಡುವವರ ಬಲೂನು ಹಕ್ಕಿಯ ಆಕಾರ. ಜಾತಿಯ ವಿಷ ಕಕ್ಕುವವರ ಬಲೂನಿಗೆ ಚೇಳಿನ ಬಾಲ, ತುದಿಯಲ್ಲಿ ಕೊಂಡಿ. ಮನಸ್ಸಿನೊಳಗಿನ ಮಾತಾದರೆ ಅದರ ಪಕ್ಕ ಒಂದು ಕಣ್ಣು. ಒಂದು ಪುಟದಲ್ಲಿ ಅಕ್ಷರಗಳನ್ನು ಬೆರಳಲ್ಲಿ ಮುಚ್ಚಿ ನೋಡಿದೆ. ಯಾರು ಎಂಥವರು ಅಂತ ಆಗಲೂ ತಿಳಿಯುತ್ತದೆ! ಇಷ್ಟು ವರ್ಷ ಕಾಮಿಕ್ಸ್ ಓದಿದರೂ ಬಲೂನಿನ ಬಾಲ ಅಂದರೆ ಬಾಯಿ ಕಡೆ ತೋರಿಸುವ ಗೆರೆ, ಅಷ್ಟೇ ಅಂದುಕೊಂಡಿದ್ದೆ.

ಇದನ್ನು ಮುಗಿಸಿ ಕನ್ನಡದ ಅಮರ ಚಿತ್ರಕಥೆ ಕೈಗೆತ್ತಿಕೊಂಡೆ. 'ಕೃಷ್ಣ', ಅಣ್ಣನ ಮಗಳಿಗೆ ಅಂತ ಕೊಂಡದ್ದು. ಸರಣಿಯ ಮೊದಲ ಹತ್ತು ಪುಸ್ತಕಗಳು ಪಾಶ್ಚಾತ್ಯ ಕಿನ್ನರ ಕಥೆಗಳು, 11ನೆಯದು 'ಕೃಷ್ಣ'. ಅಲ್ಲಿಂದಲೇ ನಮ್ಮ ಕಥೆಗಳು ಶುರುವಾದದ್ದು. ಕಟ್ಟಿ ಬೆಳೆಸಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು, ಚಿತ್ರ ರಾಮ್ ವಾಯೀರ್‌ಕರ್ ಅವರದು. ಚಿತ್ರದ ಬಗ್ಗೆ ಎರಡು ಮಾತಿಲ್ಲ. ಆದರೆ ಬಲೂನು ನೋಡಿದರೆ ಉಸಿರು ಕಟ್ಟಿದ ಹಾಗಾಗುತ್ತದೆ. ಚಿತ್ರ ಒಂದೇ, ಭಾಷೆ ಮಾತ್ರ ಬದಲು. ಜಾಗ ಬಿಟ್ಟಿರುವುದು ಇಂಗ್ಲಿಷಿನ ಅಳತೆಗೆ. ಇಂಗ್ಲಿಷಿನ ದೊಡ್ಡಕ್ಷರಗಳು ಶಾಲೆಯ ಪ್ರೇಯರ್‌ಗೆ ನಿಂತ ಮಕ್ಕಳ ಹಾಗೆ ಒಂದೇ ಎತ್ತರ, ಸಾಲಿನ ಮೇಲೆ ಸಾಲು ಒತ್ತಾಗಿ ಕೂರುತ್ತವೆ. ನಮ್ಮದು ಹಾಗಲ್ಲ. ಕೃಷ್ಣ ಅನ್ನುವ ಎರಡೇ ಅಕ್ಷರ ತಗೊಳ್ಳಿ: ಒಂದಕ್ಕೆ ವಟ್ರಸುಳಿ, ಇನ್ನೊಂದಕ್ಕೆ ಣ ಒತ್ತು. ಎರಡೂ ಕೆಳಗೆ ಇಳಿಯುತ್ತವೆ. ಕೆಳಗಿನ ಸಾಲಿನಲ್ಲಿ ಗುಡಿಸು, ದೀರ್ಘ ಇದ್ದರೆ ಅವು ಮೇಲೇಳುತ್ತವೆ. ಡಿಕ್ಕಿ ಆಗಬಾರದು ಅಂತ ಅಕ್ಷರ ಸಣ್ಣ ಮಾಡುತ್ತಾರೆ. ಓದುವುದು ಏಳೆಂಟು ವರ್ಷದ ಮಕ್ಕಳು ಅಲ್ವಾ?

ಅದೇ ಯೋಚನೆಯಲ್ಲಿ ತಮಿಳಿನ ಟೆಕ್ಸ್ ವಿಲ್ಲರ್ ತೆಗೆದೆ. ಆಫೀಸಿನ ತಮಿಳು ಗೆಳೆಯ ತರಿಸಿಕೊಟ್ಟದ್ದು. ಟೆಕ್ಸ್ ಇಟಲಿಯ ಕೌಬಾಯ್ ಹೀರೋ, 1948ರಿಂದ ಇದ್ದಾನೆ. ಅವನನ್ನು ತಮಿಳಿಗೆ ತರುವುದು ಶಿವಕಾಶಿಯ ಲಯನ್-ಮುತ್ತು ಕಾಮಿಕ್ಸ್‌ನವರು. ಮುತ್ತು ಶುರುವಾದದ್ದು 1972ರಲ್ಲಿ, ಲಯನ್ 1984ರಲ್ಲಿ. ಇವತ್ತಿಗೂ ಹೊಸ ಪುಸ್ತಕ ಬರುತ್ತಲೇ ಇವೆ, ದೊಡ್ಡವರೇ ಕಾದು ಕೊಳ್ಳುತ್ತಾರೆ. ನನಗೆ ತಮಿಳು ಕೂಡಿಸಿಕೊಂಡು ಓದುವಷ್ಟು ಬರುತ್ತದೆ. ಅಲ್ಲಿ ಒತ್ತಕ್ಷರದ ರಗಳೆ ಇಲ್ಲ, ಅಕ್ಷರದ ತಲೆ ಮೇಲೊಂದು ಚುಕ್ಕೆ ಇಟ್ಟರೆ ಮುಗಿಯಿತು. ಆದರೂ ಪದಗಳು ಉದ್ದುದ್ದ. ಬಲೂನಿಗೆ ಹಿಡಿಸುವುದು ಅವರಿಗೂ ಸುಲಭವಲ್ಲ, ಸಾಲು ಮುರಿದು ಮುರಿದು ಹೇಗೋ ಕೂರಿಸಿದ್ದಾರೆ. ಅಂದಮೇಲೆ ಲಿಪಿಯನ್ನು ದೂರಿ ಏನು ಪ್ರಯೋಜನ? ಕನ್ನಡದ ಅಳತೆಗೇ ಬಲೂನು ಬರೆದು ಕಾಮಿಕ್ಸ್ ಮಾಡುವವರು ಬೇಕು, ಕೊಳ್ಳುವವರೂ ಬೇಕು. ಮಕ್ಕಳ ಪತ್ರಿಕೆ ಬಾಲಮಂಗಳದ ಹೀರೋ ಡಿಂಗನಿಗೆ ಕಾದು ಕೂತವರು ಈಗ ದುಡಿಯುತ್ತಿದ್ದಾರೆ, ಜೇಬಲ್ಲಿ ಕಾಸಿದೆ. (ಆ ಡಿಂಗನೂ ಮಲಯಾಳದಿಂದ ಬಂದವನೇ ಅನ್ನಿ.)

ಇನ್ನು ಉಳಿದ ಹಳೇದು ಇಂದ್ರಜಾಲ ಕಾಮಿಕ್ಸ್, ಬಹಾದೂರ್ ಕಥೆ. ಒಂದು ಮೂಲೆ ಗೆದ್ದಲು ತಿಂದಿದೆ. 1976ರಲ್ಲಿ ಆಬಿದ್ ಸುರತಿ ಸೃಷ್ಟಿಸಿದ ಹೀರೋ: ಕೇಸರಿ ಕುರ್ತಾ, ಜೀನ್ಸ್, ಎದುರಿಗೆ ಚಂಬಲ್ ಡಕಾಯಿತರು. ಕಥೆ ಸಾಧಾರಣ. ಚೌಕಾಸಿ ನಡೆಯಲಿಲ್ಲ, ಮುಖಪುಟ ನೋಡಿಯೇ ದುಡ್ಡು ಕೊಟ್ಟೆ.

ಸಂಜೆ ಅಣ್ಣನ ಮನೆಗೆ ಹೋಗಿ 'ಕೃಷ್ಣ' ಕೊಟ್ಟೆ. ಪಾಪು ಅದನ್ನು ಪಕ್ಕಕ್ಕಿಟ್ಟು ನನ್ನ ಚೀಲದಲ್ಲಿದ್ದ 'ಭೀಮಾಯಣ'ವನ್ನೇ ಎಳೆದುಕೊಂಡಳು. "ಇದು ದೊಡ್ಡವರದು, ಇನ್ನೆರಡು ವರ್ಷ ಹೋಗಲಿ" ಅಂದರು ಅತ್ತಿಗೆ. ಇದರಲ್ಲಿ ಶಾಲೆಯಲ್ಲಿ ನೀರು ಸಿಗದ ಹುಡುಗ ಅಂಬೇಡ್ಕರ್ ಇವಳ ವಯಸ್ಸಿನವನೇ ಅತ್ತಿಗೆ, ಅಂದೆ. ಅವರು ಒಪ್ಪಲಿಲ್ಲ. ಪಾಪು ಅಷ್ಟರಲ್ಲಿ ಚೇಳಿನ ಬಾಲದ ಬಲೂನುಗಳನ್ನು ಎಣಿಸುತ್ತಿದ್ದಳು. ಪುಸ್ತಕ ಸದ್ಯಕ್ಕೆ ಅಲ್ಲೇ ಇದೆ.