ಸಿಂಗಪುರದಲ್ಲಿ ಕಾಯಿಸಿದ ಹಲಗೆ

ಬಳ್ಳಾರಿ ನಿಲ್ದಾಣದಲ್ಲಿ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಹತ್ತುವಾಗ ನಮ್ಮ ಶಾಲಾ ಬ್ಯಾಂಡಿನ ಮಕ್ಕಳಿಗಿಂತ ಸಾಮಾನೇ ಹೆಚ್ಚಿತ್ತು. ಎಂಟು ಸೈಡ್ ಡ್ರಮ್, ಒಂದು ಬೇಸ್ ಡ್ರಮ್, ಬ್ಯೂಗಲ್‌ಗಳು, ಜೊತೆಗೆ ಚರ್ಮ ಬಿಗಿದ ಮೂರು ಹಲಗೆ ವಾದ್ಯಗಳು. ಬ್ಯಾಂಡಿನಲ್ಲಿ ಹಲಗೆ ಬೇಕೆಂದು ಹಟ ಹಿಡಿದವನು ನಾನೇ. ಕೌಲ್ ಬಜಾರ್‌ನ ಮೂವರು ಹುಡುಗರು ಮೊಹರಂನಲ್ಲಿ ಬಾರಿಸುವ ಹೆಜ್ಜೆಯನ್ನು ಕೇಳಿದವರು ಅದನ್ನು ಬಿಟ್ಟುಹೋಗಲು ಒಪ್ಪುವುದಿಲ್ಲ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬೇಸ್ ಡ್ರಮ್ ಅಳತೆ ಮೀರಿದೆ ಎಂದರು. ದೊಡ್ಡ ಹುಡುಗಿಯೊಬ್ಬಳು ಅಲ್ಲೇ ನೆಲದ ಮೇಲೆ ಕುಳಿತು ತಿರುಪುಗಳನ್ನು ಬಿಚ್ಚಿ ಒಂದು ಬದಿಯ ಹೊದಿಕೆ ತೆಗೆದಳು. ಒಳಗೆ ಎರಡು ಸೈಡ್ ಡ್ರಮ್, ಸಂದಿನಲ್ಲಿ ಸಮವಸ್ತ್ರಗಳು. ಲಗೇಜಿನ ಸಂಖ್ಯೆ ಇಳಿದದ್ದರಿಂದ ಬೇಸ್ ಡ್ರಮ್ಮಿಗೆ ಮಾತ್ರ ಹೆಚ್ಚುವರಿ ಹಣ ಕಟ್ಟಿದೆವು. ಮುಂದೆ ನಾಲ್ಕೂವರೆ ಗಂಟೆಯ ಹಾರಾಟ. ಗಡಿಯಾರವನ್ನು ಎರಡೂವರೆ ಗಂಟೆ ಮುಂದೆ ತಿರುಗಿಸಿ ಸಿಂಗಪುರದಲ್ಲಿ ಇಳಿದೆವು.

ನಾವು ಹೋದದ್ದು ಚಿಂಗೇ ಮೆರವಣಿಗೆಗೆ. 1972ರಲ್ಲಿ ಸಿಂಗಪುರ ಸರ್ಕಾರ ಪಟಾಕಿಯನ್ನು ನಿಷೇಧಿಸಿತು. ಚೀನೀ ಹೊಸವರ್ಷ ಸಪ್ಪಗಾಗಬಾರದೆಂದು 1973ರಲ್ಲಿ ಈ ಬೀದಿ ಮೆರವಣಿಗೆ ಆರಂಭವಾಯಿತು. ಬರುಬರುತ್ತ ಮಲಯರು, ಭಾರತೀಯರು, ಹೊರದೇಶದ ತಂಡಗಳೂ ಸೇರಿಕೊಂಡವು. ಪಟಾಕಿಯ ಸದ್ದು ನಿಂತ ಕಡೆ ಡೋಲಿನ ಸದ್ದು ಎದ್ದಿತಲ್ಲ ಎಂಬುದು ನನಗೆ ಬಹಳ ಹಿಡಿಸಿತು. ಈಗ ಅದು ಮರೀನಾ ಕೊಲ್ಲಿಯ ಪಕ್ಕದ ಫಾರ್ಮುಲಾ ಒನ್ ಕಾರು ಓಟದ ಹಾದಿಯಲ್ಲಿ ನಡೆಯುತ್ತದೆ.

ಮರುದಿನ ಬೆಳಿಗ್ಗೆ ಅಭ್ಯಾಸಕ್ಕೆ ನಿಂತಾಗ ಎದೆ ಧಸಕ್ಕೆಂದಿತು. ಪ್ಲಾಸ್ಟಿಕ್ ಹೊದಿಕೆಯ ಡ್ರಮ್‌ಗಳಿಗೆ ಏನೂ ಆಗಿರಲಿಲ್ಲ. ಹಲಗೆಗಳು ಮಾತ್ರ ಒದ್ದೆ ಗೋಣಿಚೀಲ ಬಡಿದಂತೆ ಥಪ್ ಥಪ್ ಎನ್ನುತ್ತಿದ್ದವು. ಬಳ್ಳಾರಿಯ ಒಣ ಗಾಳಿಯಲ್ಲಿ ಬೆಳೆದ ಚರ್ಮ ಅದು. ಇಲ್ಲಿ ಸಮಭಾಜಕ ವೃತ್ತ ಕೂಗಳತೆಯಲ್ಲಿದೆ, ಗಾಳಿಯೇ ನೀರು. ಊರಿನಲ್ಲಾದರೆ ಮೊಹರಂಗೆ ತೋಡಿದ ಅಲಾಯಿ ಕುಣಿಯ ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಹೋಟೆಲಿನ ಏಳನೆಯ ಮಹಡಿಯಲ್ಲಿ ಬೆಂಕಿ ಎಲ್ಲಿಂದ ತರುವುದು?

“ಸರ್, ಕೂದಲು ಒಣಗಿಸುವ ಯಂತ್ರ ಇದೆಯಲ್ಲ,” ಎಂದ ಮೂವರಲ್ಲಿ ಚಿಕ್ಕವನು.

ಅವನು ಕಾಯಿಸಿದ ರೀತಿಯನ್ನು ನಾನು ಮರೆಯಲಾರೆ. ಹಲಗೆಯನ್ನು ತೊಡೆಯ ಮೇಲೆ ಓರೆಯಾಗಿ ಇಟ್ಟುಕೊಂಡ. ಒಂದೇ ಕಡೆ ಬಿಸಿ ಬಿದ್ದರೆ ಚರ್ಮ ಬಿರಿಯುತ್ತದೆ ಎಂದು ಅಂಚಿನಿಂದ ಸುತ್ತುತ್ತ ನಡುವಿಗೆ ಬಂದ. ನಡುನಡುವೆ ಯಂತ್ರ ನಿಲ್ಲಿಸಿ, ಕಿವಿ ಹತ್ತಿರ ತಂದು, ಉಂಗುರಬೆರಳಿನಿಂದ ಒಮ್ಮೆ ತಟ್ಟುವನು. ಮತ್ತೆ ಬಿಸಿ, ಮತ್ತೆ ತಟ್ಟು. ಅವನ ಅಜ್ಜ ಬೆಂಕಿಯ ಮುಂದೆ ಕೂರುವುದೂ ಥೇಟ್ ಹೀಗೆಯೇ. ಮುಕ್ಕಾಲು ಗಂಟೆಯ ಮೇಲೆ ಚರ್ಮ ಕಣ್ ಎಂದಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸಂಜೆಯವರೆಗೆ ಆ ಬಿಸಿ ಉಳಿಯಬೇಕಿತ್ತು. ಹುಡುಗಿಯರು ಟವೆಲ್‌ಗಳಿಗೆ ಬಿಸಿ ಇಸ್ತ್ರಿ ಎಳೆದು ಹಲಗೆಗೆ ಸುತ್ತಿದರು, ಮೇಲೆ ಪ್ಲಾಸ್ಟಿಕ್ ಹಾಳೆ. ಸರದಿಯಲ್ಲಿ ಕಾಯುವಷ್ಟು ಹೊತ್ತೂ ಮಕ್ಕಳು ಅವನ್ನು ಹಸುಗೂಸಿನಂತೆ ಅಪ್ಪಿಕೊಂಡೇ ನಿಂತಿದ್ದರು.

ನಮ್ಮ ಪಾಲಿಗೆ ಬಂದದ್ದು ಕೆಲವೇ ನಿಮಿಷ. ಬ್ಯೂಗಲ್ ಮೊಳಗಿತು, ಎಡ ಬಲ ಎಡ ಬಲ ಎಂದು ಸಾಲು ಹೊರಟಿತು. ನಡುದಾರಿಯಲ್ಲಿ ಡ್ರಮ್‌ಗಳು ತಟ್ಟನೆ ಮೌನವಾದವು. ಆ ಖಾಲಿಯೊಳಗೆ ಮೂರು ಹಲಗೆಗಳು ನುಗ್ಗಿದವು. ಗಿಡ್ಡ ಕೋಲು, ಸಪೂರ ಕಡ್ಡಿ, ಅಲಾಯಿ ಹೆಜ್ಜೆ. ಮಕ್ಕಳೆಲ್ಲ ಪಥಸಂಚಲನದ ಬಿಗಿ ಬಿಟ್ಟು ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಕುಣಿದರು. ಕಟಕಟೆಯ ಆಚೆ ಕುಳಿತಿದ್ದ ಚೀನೀ ಅಜ್ಜಿಯೊಬ್ಬರು ಮೊಣಕಾಲಿನ ಮೇಲೆ ಅದೇ ತಾಳವನ್ನು ತಟ್ಟುತ್ತಿದ್ದರು. ನಾನು ಎಣಿಕೆ ತಪ್ಪದಂತೆ ಕೈಬೀಸುತ್ತಿದ್ದೆ, ಕಣ್ಣು ಮಂಜಾಗಿತ್ತು.

ಮೆರವಣಿಗೆ ಮುಗಿದ ಮೇಲೆ ಹೊಸಪೇಟೆಯ ದಂಪತಿ ಹುಡುಕಿಕೊಂಡು ಬಂದರು. ಸಿಂಗಪುರದಲ್ಲಿ ನೆಲೆಸಿ ಎಷ್ಟೋ ವರ್ಷಗಳಾದವಂತೆ. ಆ ತಾಯಿ ಹಲಗೆಯ ಅಂಚನ್ನು ಮುಟ್ಟಿ, “ಇದನ್ನು ಕೇಳಿ ಎಷ್ಟು ಕಾಲವಾಗಿತ್ತಪ್ಪಾ,” ಎಂದು ಚಿಕ್ಕವನ ತಲೆ ಸವರಿದರು. ಮರುದಿನ ಸೆರಂಗೂನ್ ರಸ್ತೆಯಲ್ಲಿ ಎಲ್ಲರಿಗೂ ಊಟ ಅವರದ್ದೇ.

ಹಿಂದಿರುಗುವಾಗ ಮತ್ತೆ ಹಂಪಿ ಎಕ್ಸ್‌ಪ್ರೆಸ್. ಗುಂತಕಲ್ ದಾಟಿದ ಮೇಲೆ ಕಿಟಕಿಯಿಂದ ಒಣ ಗಾಳಿ ಒಳಗೆ ಬಂತು. ಮಲಗಿದ್ದಾನೆ ಎಂದುಕೊಂಡಿದ್ದ ಚಿಕ್ಕವನು ಮೇಲಿನ ಬರ್ತಿನಲ್ಲಿ ಎದ್ದು ಕುಳಿತು, ಹಲಗೆಯ ಬಟ್ಟೆ ಸರಿಸಿ, ಉಂಗುರಬೆರಳಿನಿಂದ ಮೆಲ್ಲಗೆ ತಟ್ಟಿದ. ಕಣ್.

“ತಾನಾಗಿಯೇ ಬಿಗಿಯಾಗಿದೆ ಸರ್,” ಎಂದ.